ಏರ್‌ಸಾಫ್ಟ್ ರೈಫಲ್‌ಗೆ ಯಾವ ಹ್ಯಾಂಡ್‌ಗಾರ್ಡ್? ಮೊದಲು ಬ್ಯಾಟರಿ ಎಲ್ಲಿದೆ ನೋಡಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹ್ಯಾಂಡ್‌ಗಾರ್ಡ್ ಇದೆ, ಅಂದರೆ ಏರ್‌ಸಾಫ್ಟ್ ಗನ್ನಿನ (ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್) ಬ್ಯಾರಲ್ ಸುತ್ತ ಕೂರುವ, ಎಡಗೈ ಹಿಡಿಯುವ ಕವಚ. 12 ಇಂಚು ಉದ್ದ, ಕಪ್ಪು ಅಲ್ಯೂಮಿನಿಯಂ, ಬದಿಗಳಲ್ಲಿ ಸೀಳುಗಳಿರುವ ಎಂ-ಲಾಕ್ ಜಾತಿ. ಒಂದು ಗೀರೂ ಬಿದ್ದಿಲ್ಲ. ಗಣೇಶನ ಹಬ್ಬದ ಸೀರಿಯಲ್ ಸೆಟ್ ಜೊತೆ ಮೂರು ವರ್ಷದಿಂದ ಮಲಗಿದೆ. ತಪ್ಪು ಅದರದ್ದಲ್ಲ, ನನ್ನದು. ಕೊಳ್ಳುವಾಗ ರಂಧ್ರದ ಆಕಾರ ನೋಡಿದೆ, ಬಣ್ಣ ನೋಡಿದೆ, ಉದ್ದ ನೋಡಿದೆ. ನನ್ನ ಗನ್ನಿನ ಬ್ಯಾಟರಿ ಎಲ್ಲಿ ಕೂತಿದೆ ಅಂತ ಮಾತ್ರ ನೋಡಲಿಲ್ಲ. ಅದು ಹಳೇ ಹ್ಯಾಂಡ್‌ಗಾರ್ಡ್‌ನ ಒಳಗೇ ಇತ್ತು. ಹೊಸದರಲ್ಲಿ ಬೆರಳು ತೂರಿಸಲೂ ಜಾಗವಿಲ್ಲ.

ಹಾಗಾಗಿ ಎಂ-ಲಾಕ್ ಒಳ್ಳೆಯದೋ ನಾಲ್ಕೂ ಕಡೆ ಹಲ್ಲುಗಳಿರುವ ಕ್ವಾಡ್ ರೈಲ್ ಒಳ್ಳೆಯದೋ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಬ್ಯಾಟರಿ ಮುಂದಿದೆಯಾ, ಹಿಂದಿದೆಯಾ? ಈಗಿರುವ ಹ್ಯಾಂಡ್‌ಗಾರ್ಡ್ ಯಾವುದನ್ನು ಹಿಡಿದುಕೊಂಡು ನಿಂತಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ.

ಇಲ್ಲಿ ಹೇಳುವುದೆಲ್ಲ ಎಂ4 (ಅಮೆರಿಕದ ಸೇನೆಯ ರೈಫಲ್) ಮಾದರಿಯ, ಬ್ಯಾಟರಿಯಿಂದ ಓಡುವ ಏರ್‌ಸಾಫ್ಟ್ ರೈಫಲ್ ಬಗ್ಗೆ. ಆಟಗಾರರು ಎಇಜಿ ಅನ್ನುವುದು ಇದಕ್ಕೇ. ಗ್ಯಾಸ್‌ನಿಂದ ಓಡುವ ಮಾದರಿಗಳ ಅಳತೆಯೇ ಬೇರೆ. ಇದಕ್ಕೆ ಅಂತ ಬಂದ ಹ್ಯಾಂಡ್‌ಗಾರ್ಡ್ ಅದಕ್ಕೂ ಕೂರುತ್ತದೆ ಅಂದುಕೊಳ್ಳಬೇಡಿ.

ಗುರಿ ಸುಧಾರಿಸುತ್ತದಾ?

ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ‘ಫ್ರೀ ಫ್ಲೋಟ್’ ಅನ್ನುವ ಮಾತು ಕೇಳಿ ಜಾಸ್ತಿ ದುಡ್ಡು ಕೊಡುವವರನ್ನು ನೋಡಿದ್ದೇನೆ. ನಿಜವಾದ ರೈಫಲ್‌ನಲ್ಲಿ ಅದಕ್ಕೆ ಅರ್ಥವಿದೆ. ಅಲ್ಲಿ ಹ್ಯಾಂಡ್‌ಗಾರ್ಡ್ ಬ್ಯಾರಲ್‌ಗೆ ತಾಗದೆ ಹಿಂಬದಿಯಲ್ಲಿ ಮಾತ್ರ ಹಿಡಿದಿರುವುದರಿಂದ ಕೈಯ ಒತ್ತಡ ಬ್ಯಾರಲ್ ಮೇಲೆ ಬೀಳುವುದಿಲ್ಲ. ಏರ್‌ಸಾಫ್ಟ್‌ನಲ್ಲಿ ಹೊರಗೆ ಕಾಣುವ ಬ್ಯಾರಲ್ ಬರೀ ಕವಚ. 6 ಮಿ.ಮೀ. ಬಿಬಿ (ಪ್ಲಾಸ್ಟಿಕ್ ಗುಂಡು) ಓಡುವುದು ಅದರೊಳಗಿನ ತೆಳ್ಳಗಿನ ಬೇರೊಂದು ಕೊಳವೆಯಲ್ಲಿ. ಬಿಬಿ ನೇರ ಹೋಗುತ್ತದೋ ಇಲ್ಲವೋ ಅನ್ನುವುದನ್ನು ಆ ಕೊಳವೆ, ಬಿಬಿಗೆ ಹಿಮ್ಮುಖ ಸುತ್ತು ಕೊಡುವ ಹಾಪ್-ಅಪ್ ರಬ್ಬರ್ ಮತ್ತು ಬಿಬಿಯ ಗುಣಮಟ್ಟ ತೀರ್ಮಾನಿಸುತ್ತವೆ. ಗುರಿಯೇ ಬೇಕು ಅಂದರೆ ದುಡ್ಡನ್ನು ಅಲ್ಲಿ ಹಾಕಿ.

ಹಾಗಾದರೆ ಹ್ಯಾಂಡ್‌ಗಾರ್ಡ್ ಯಾಕೆ ಬದಲಿಸಬೇಕು? ಹಿಡಿತಕ್ಕೆ. ತೂಕಕ್ಕೆ. ಟಾರ್ಚೋ ಮುಂದಿನ ಹಿಡಿಯೋ ಹಾಕುವುದಕ್ಕೆ. ಮುಂಭಾಗ ಲೊಡಲೊಡ ಅಲ್ಲಾಡುವುದನ್ನು ನಿಲ್ಲಿಸುವುದಕ್ಕೆ. ಮತ್ತೆ, ಒಪ್ಪಿಕೊಳ್ಳೋಣ, ಅಂದಕ್ಕೆ. ಹತ್ತರಲ್ಲಿ ಏಳು ಜನ ಅಂದಕ್ಕೇ ಬದಲಿಸುವುದು, ನಾನೂ ಸೇರಿ.

ಬ್ಯಾಟರಿಯ ವಿಷಯ

ಎಂ4 ಮಾದರಿಯಲ್ಲಿ ವೈರು ಎರಡು ಥರ ಹೋಗುತ್ತದೆ. ಒಂದು ಹಿಂದಕ್ಕೆ, ಭುಜಕ್ಕೆ ಆನಿಸುವ ಸ್ಟಾಕ್‌ನ ಕೊಳವೆಯೊಳಗೆ. ಇನ್ನೊಂದು ಮುಂದಕ್ಕೆ, ಹ್ಯಾಂಡ್‌ಗಾರ್ಡ್ ಒಳಗೆ. ಹಿಂದಿದ್ದರೆ ನೀವು ಅದೃಷ್ಟವಂತರು, ಯಾವ ಹ್ಯಾಂಡ್‌ಗಾರ್ಡ್ ಬೇಕಾದರೂ ನೋಡಬಹುದು. ಮುಂದಿದ್ದರೆ ಮೂರು ದಾರಿ.

ಮೊದಲನೆಯದು, ಹೊಟ್ಟೆ ದಪ್ಪ ಇರುವ ಹ್ಯಾಂಡ್‌ಗಾರ್ಡನ್ನೇ ಹುಡುಕುವುದು. ಮೂಲದ ಪ್ಲಾಸ್ಟಿಕ್, ಇಲ್ಲವೇ ದೊಡ್ಡ ಕ್ವಾಡ್ ರೈಲ್. ಉದ್ದ ಕಡ್ಡಿಯಂಥ 7.4 ವೋಲ್ಟ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಇಲ್ಲವೇ ಎರಡು ತುಂಡಾಗಿ ಬರುವ ಬ್ಯಾಟರಿ ಇವುಗಳಲ್ಲಿ ಹೊರಗಿನ ಬ್ಯಾರಲ್‌ನ ಪಕ್ಕ ಕೂರುತ್ತದೆ. ಎರಡನೆಯದು, ಬ್ಯಾಟರಿಯನ್ನು ರೈಲ್ ಮೇಲೆ ಕೂರುವ ಪೆಟ್ಟಿಗೆಯೊಳಗೆ ಹಾಕುವುದು. ಲೇಸರ್ ಪೆಟ್ಟಿಗೆಯ ಹಾಗೆ ಕಾಣುವ ಖಾಲಿ ಡಬ್ಬಿಗಳು ಇದಕ್ಕೇ ಅಂತ ಬರುತ್ತವೆ. ಕೆಲಸ ಆಗುತ್ತದೆ, ಆದರೆ ವೈರು ಹೊರಗೆ ಇಣುಕುತ್ತಿರುತ್ತದೆ. ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಮೂರನೆಯದು, ವೈರನ್ನೇ ಹಿಂದಕ್ಕೆ ತಿರುಗಿಸುವುದು. ನನ್ನ ಗನ್ನಿಗೆ ಕೊನೆಗೆ ಮಾಡಿದ್ದು ಇದನ್ನೇ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ 16 ಗೇಜಿನ ಸಿಲಿಕಾನ್ ವೈರು, ಕನೆಕ್ಟರು, ಹೀಟ್ ಶ್ರಿಂಕ್ ಟ್ಯೂಬ್, ಎಲ್ಲ ಒಂದೇ ಸಾಲಿನ ಅಂಗಡಿಗಳಲ್ಲಿ ಸಿಗುತ್ತದೆ. ಸಾಮಾನು ಅಗ್ಗ. ಕೆಲಸ ಸುಲಭವಲ್ಲ, ಗೇರ್‌ಬಾಕ್ಸ್ ಹೊರಗೆ ತೆಗೆಯಬೇಕು. ಬೆಸುಗೆ ಹಾಕಿ ಅಭ್ಯಾಸ ಇಲ್ಲದವರು ಅಭ್ಯಾಸ ಇರುವ ಗೆಳೆಯನಿಗೆ ಒಂದು ಮಸಾಲೆದೋಸೆ ಕೊಡಿಸಿ ಮಾಡಿಸಿಕೊಳ್ಳುವುದು ಮೇಲು.

ಯಾವ ದಾರಿ ಹಿಡಿದರೂ ಒಂದು ಮಾತು. ಅಲ್ಯೂಮಿನಿಯಂ ರೈಲ್‌ಗಳ ಒಳ ಅಂಚು ಹರಿತ ಇರುತ್ತದೆ. ಅಲ್ಲಿ ವೈರಾಗಲಿ ಲಿಪೋ ಬ್ಯಾಟರಿಯಾಗಲಿ ಉಜ್ಜುತ್ತಿದ್ದರೆ ಒಂದಲ್ಲ ಒಂದು ದಿನ ಶಾರ್ಟ್ ಆಗುತ್ತದೆ. ಲಿಪೋ ಚುಚ್ಚಿದರೆ ಬೆಂಕಿ. ಕೊಂಡ ದಿನವೇ ಒಳಗೆ ಬೆರಳು ಆಡಿಸಿ ನೋಡಿ, ಚುರುಕ್ ಅನ್ನುವ ಕಡೆ ಸಣ್ಣ ಅರದಿಂದ ಉಜ್ಜಿ. ಫ್ಯೂಸ್ ಕಿತ್ತುಹಾಕಬೇಡಿ.

ಹಿಡಿದುಕೊಂಡಿರುವುದು ಯಾವುದು?

ಹಳೇ ಮಾದರಿಯ ಎಂ4 ನೋಡಿ. ರಿಸೀವರ್‌ನ (ಗನ್ನಿನ ನಡುವಿನ ಮೈ) ಮುಂದೆ ಸ್ಪ್ರಿಂಗ್ ಇರುವ ದಪ್ಪ ಬಳೆಯೊಂದು ಕಾಣುತ್ತದೆ. ಅದು ಡೆಲ್ಟಾ ರಿಂಗ್. ಅದನ್ನು ಹಿಂದಕ್ಕೆ ಎಳೆದರೆ ಹ್ಯಾಂಡ್‌ಗಾರ್ಡ್‌ನ ಎರಡು ಹೋಳು ಮೇಲೆ ಕೆಳಗೆ ಬಿಟ್ಟುಕೊಳ್ಳುತ್ತವೆ. ಮುಂದಿನ ತುದಿ ತ್ರಿಕೋನಾಕಾರದ ಸೈಟ್ ಹಿಂದಿನ ತಟ್ಟೆಯಲ್ಲಿ ಕೂತಿರುತ್ತದೆ. ಸ್ಪ್ರಿಂಗ್ ಗಟ್ಟಿ. ನಾಲ್ಕು ಕೈ ಬೇಕು. ‘ಲೋ, ನೀನು ಎಳಿ, ನಾನು ಬಿಡಿಸ್ತೀನಿ’ ಅಂತ ಶುರುವಾಗುವ ಕೆಲಸ.

ಇದೇ ಬಳೆ ಮತ್ತು ತಟ್ಟೆಯ ನಡುವೆ ಕೂರುವ ಹೊಸ ಹ್ಯಾಂಡ್‌ಗಾರ್ಡ್ ಕೊಂಡರೆ ಬೇರೇನನ್ನೂ ಬಿಚ್ಚಬೇಕಿಲ್ಲ. ಹತ್ತು ನಿಮಿಷದ ಕೆಲಸ. ಡ್ರಾಪ್-ಇನ್ ಅನ್ನುವುದು ಇದಕ್ಕೆ. ಉದ್ದ ಮಾತ್ರ ನಿಮ್ಮ ಕೈಯಲ್ಲಿಲ್ಲ, ಬಳೆಯಿಂದ ತಟ್ಟೆಯವರೆಗೆ ಎಷ್ಟಿದೆಯೋ ಅಷ್ಟೇ.

ಫ್ರೀ ಫ್ಲೋಟ್ ಹಾಕಬೇಕೆಂದರೆ ಕಥೆ ಬೇರೆ. ಮುಂದಿನ ಸೈಟ್ ಬಿಚ್ಚಬೇಕು, ಹೊರಗಿನ ಬ್ಯಾರಲ್ ಬಿಚ್ಚಬೇಕು, ಡೆಲ್ಟಾ ರಿಂಗ್ ಹಿಡಿದಿರುವ ಬ್ಯಾರಲ್ ನಟ್ ಬಿಚ್ಚಬೇಕು. ಆಮೇಲೆ ಹೊಸ ಹ್ಯಾಂಡ್‌ಗಾರ್ಡ್ ಜೊತೆ ಬಂದ ನಟ್ಟನ್ನು ರಿಸೀವರ್‌ಗೆ ತಿರುಗಿಸಿ ಕೂರಿಸಬೇಕು. ಜನ ಎಡವುವುದು ಈ ನಟ್‌ನಲ್ಲೇ. ನಿಜವಾದ ಎಆರ್-15ರ (ಎಂ4 ಇದೇ ಕುಲದ್ದು) ಬ್ಯಾರಲ್ ನಟ್‌ಗೆ ಒಂದೂಕಾಲು ಇಂಚಿನ ವ್ಯಾಸ, ಇಂಚಿಗೆ 18 ಥ್ರೆಡ್ ಅಂತ ಗೊತ್ತಾದ ಲೆಕ್ಕವಿದೆ. ಏರ್‌ಸಾಫ್ಟ್‌ನಲ್ಲಿ ಹಾಗೆ ಎಲ್ಲರೂ ಒಪ್ಪಿದ ಒಂದು ಲೆಕ್ಕ ಇಲ್ಲ. ಒಂದು ಕಂಪನಿಯ ನಟ್ ಇನ್ನೊಂದು ಕಂಪನಿಯ ರಿಸೀವರ್‌ಗೆ ಎರಡು ಸುತ್ತು ಹೋಗಿ ನಿಂತುಬಿಡುತ್ತದೆ. ಅಲ್ಲಿ ಪಾನಾ ಹಾಕಿ ಬಲ ಬಿಟ್ಟರೆ ರಿಸೀವರ್‌ನ ಥ್ರೆಡ್ ಕಿತ್ತುಬರುತ್ತದೆ. ಕೈಯಲ್ಲೇ ಸಲೀಸಾಗಿ ಪೂರ್ತಿ ಸುತ್ತು ಹೋದರೆ ಮಾತ್ರ ಸರಿ, ಇಲ್ಲದಿದ್ದರೆ ವಾಪಸ್ ಕಳಿಸಿ.

ಆದ್ದರಿಂದ ಕೊಳ್ಳುವ ಮುಂಚೆ ಮಾರುವವನಿಗೆ ನಿಮ್ಮ ಗನ್ನಿನ ಕಂಪನಿ, ಮಾದರಿ ಎರಡನ್ನೂ ಹೇಳಿ, ‘ನಟ್ ಜೊತೆಗೆ ಬರುತ್ತದಾ, ಈ ರಿಸೀವರ್‌ಗೆ ಕೂರುತ್ತದಾ’ ಅಂತ ಬರಹದಲ್ಲಿ ಕೇಳಿ. ‘ಎಲ್ಲಾ ಎಂ4ಗೂ ಆಗುತ್ತೆ ಸಾರ್’ ಅನ್ನುವ ಉತ್ತರ ಬಂದರೆ ಅವನಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಈಗ ಆಯ್ಕೆಗಳು

ಮೂಲದ ಪ್ಲಾಸ್ಟಿಕ್. ಇದನ್ನು ಯಾರೂ ಹೊಗಳುವುದಿಲ್ಲ, ಆದರೆ ಇದರಷ್ಟು ಹಗುರ ಬೇರೆ ಇಲ್ಲ. ನಮ್ಮ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, 170 ಗ್ರಾಂ. ಬ್ಯಾಟರಿಗೆ ಜಾಗವಿದೆ. ಏಪ್ರಿಲ್ ಬಿಸಿಲಿನಲ್ಲೂ ಕೈ ಸುಡುವುದಿಲ್ಲ. ಟಾರ್ಚು, ಹಿಡಿ ಏನೂ ಬೇಡದವರು ಇದನ್ನೇ ಇಟ್ಟುಕೊಂಡು ಉಳಿದ ದುಡ್ಡಲ್ಲಿ ಒಳ್ಳೇ ಕನ್ನಡಕ ಕೊಳ್ಳಿ. ಎಂ-ಲಾಕ್ ಸೀಳುಗಳಿರುವ ಪಾಲಿಮರ್ ಡ್ರಾಪ್-ಇನ್ ಹ್ಯಾಂಡ್‌ಗಾರ್ಡ್‌ಗಳೂ ಇವೆ. ಮ್ಯಾಗ್‌ಪುಲ್ ಕಂಪನಿಯ ಎಂಒಇ ಎಂ-ಲಾಕ್ ಈ ಜಾತಿಯದು. ಹಗುರವೂ ಆಯಿತು, ಒಂದು ಟಾರ್ಚಿಗೆ ದಾರಿಯೂ ಆಯಿತು. ನಿಜವಾದ ರೈಫಲ್‌ಗೆ ಮಾಡಿದ್ದನ್ನು ಏರ್‌ಸಾಫ್ಟ್‌ಗೆ ಹಾಕುವಾಗ ಸ್ವಲ್ಪ ಅರ ಹಾಕಬೇಕಾಗಬಹುದು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಕ್ವಾಡ್ ರೈಲ್. ನಾಲ್ಕೂ ಕಡೆ ಹಲ್ಲು ಹಲ್ಲಾಗಿರುವ ಪಿಕಟಿನಿ ರೈಲ್. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪಿಕಟಿನಿ ಆರ್ಸೆನಲ್‌ನಿಂದ ಈ ಹೆಸರು ಬಂತು. 1995ರಲ್ಲಿ ಅಲ್ಲಿನ ಸೇನೆಯ ಮಾನಕವಾಯಿತು. ಹಲ್ಲುಗಳ ನಡುವಿನ ಕಚ್ಚಿನ ಅಗಲ 5.23 ಮಿ.ಮೀ., ಒಂದು ಕಚ್ಚಿನ ನಡುವಿನಿಂದ ಮುಂದಿನದರ ನಡುವಿಗೆ ಹತ್ತಿರಹತ್ತಿರ 10 ಮಿ.ಮೀ. ಈ ಅಳತೆ ಒಂದೇ ಥರ ಇರುವುದೇ ಇದರ ದೊಡ್ಡ ಗುಣ. ಟಾರ್ಚು, ಹಿಡಿ, ಬೈಪಾಡ್, ಯಾರದ್ದಾದರೂ ನೇರ ಬಿಗಿಯಬಹುದು, ನಡುವೆ ಇನ್ನೊಂದು ತುಂಡು ಬೇಕಿಲ್ಲ. ಅಗ್ಗದ ರೈಲ್‌ಗಳಲ್ಲಿ ಅಳತೆ ಸ್ವಲ್ಪ ಆಚೀಚೆ ಇರುತ್ತದೆ ಅನ್ನುವುದು ನಿಜ. ನನ್ನ ಮೊದಲ ರೈಲ್‌ನಲ್ಲಿ ಟಾರ್ಚಿನ ಕ್ಲಾಂಪ್ ಸುತ್ತಿಗೆಯ ಮುದ್ದು ತಟ್ಟು ಬೇಡುತ್ತಿತ್ತು.

ಅವಗುಣ ತೂಕ. 9 ಇಂಚಿನದು ನನ್ನ ತಕ್ಕಡಿಯಲ್ಲಿ 340 ಗ್ರಾಂ ತೂಗಿತು, ಪ್ಲಾಸ್ಟಿಕ್‌ನ ಎರಡು ಪಟ್ಟು. ಅಂಗಡಿಯಲ್ಲಿ ಎತ್ತಿ ನೋಡಿದಾಗ ಇದು ಏನೂ ಅನ್ನಿಸುವುದಿಲ್ಲ. ಕನಕಪುರ ರಸ್ತೆಯಾಚೆಯ ಗೆಳೆಯನ ಮಾವಿನ ತೋಪಿನಲ್ಲಿ ಮೂರನೇ ಆಟ ಮುಗಿಯುವ ಹೊತ್ತಿಗೆ ಎಡಗೈ ಹೇಳುತ್ತದೆ. ತೂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ. ಮುಂತುದಿಯ ನೂರು ಗ್ರಾಂ, ಹಿಂದಿನ ಮುನ್ನೂರು ಗ್ರಾಮಿಗೆ ಸಮ ಅನ್ನಿಸುತ್ತದೆ. ಇನ್ನೊಂದು, ಹಲ್ಲುಗಳು ಅಂಗೈ ತರಚುತ್ತವೆ. ಅದಕ್ಕೆ ರಬ್ಬರ್ ಕವರ್ ಹಾಕಬೇಕು, ಮತ್ತೆ ತೂಕ, ಮತ್ತೆ ದಪ್ಪ. ನಾಲ್ಕು ಕಡೆ ರೈಲ್ ಕೊಂಡು ಮೂರು ಕಡೆಗೆ ಕವರ್ ಹಾಕುವುದು, ಅಲ್ವಾ, ಸ್ವಲ್ಪ ತಮಾಷೆಯೇ.

ಆದರೂ ಬ್ಯಾಟರಿ ಮುಂದಿದ್ದು, ವೈರು ಬದಲಿಸಲು ಮನಸ್ಸಿಲ್ಲದಿದ್ದರೆ, ಲೋಹದ್ದೇ ಬೇಕು ಅಂದರೆ, ದಪ್ಪ ಕ್ವಾಡ್ ರೈಲ್ ಬಿಟ್ಟು ಬೇರೆ ದಾರಿ ಕಡಿಮೆ.

ಎಂ-ಲಾಕ್. 2014ರಲ್ಲಿ ಮ್ಯಾಗ್‌ಪುಲ್ ಕಂಪನಿ ತಂದದ್ದು. ಹ್ಯಾಂಡ್‌ಗಾರ್ಡ್ ನಯವಾಗಿರುತ್ತದೆ, ಬದಿಗಳಲ್ಲಿ ಉದ್ದುದ್ದ ಸೀಳು. ಬೇಕಾದ ಕಡೆ ಮಾತ್ರ ಸಾಮಾನು ಕೂರಿಸುವುದು. ಸಾಮಾನಿನ ಹಿಂದಿರುವ ಟಿ ಆಕಾರದ ನಟ್ ಸೀಳಿನೊಳಗೆ ಹೋಗಿ, ಸ್ಕ್ರೂ ತಿರುಗಿಸಿದಾಗ ಕಾಲು ಸುತ್ತು ತಿರುಗಿ ಒಳಗಿನಿಂದ ಹಿಡಿದುಕೊಳ್ಳುತ್ತದೆ. ಅದೇ 9 ಇಂಚಿನ ಅಲ್ಯೂಮಿನಿಯಂ ಎಂ-ಲಾಕ್ ನನ್ನ ತಕ್ಕಡಿಯಲ್ಲಿ 210 ಗ್ರಾಂ. ಹಿಡಿತ ತೆಳ್ಳಗೆ, ಕೈ ಚಿಕ್ಕದಿರುವವರಿಗೆ ಹಬ್ಬ.

ತಲೆನೋವು ಎರಡು. ಪಿಕಟಿನಿ ಸಾಮಾನು ಹಾಕಬೇಕಾದರೆ ಸಣ್ಣ ರೈಲ್ ತುಂಡು ಬೇರೆ ಕೊಳ್ಳಬೇಕು. ಮತ್ತೆ ಅಗ್ಗದ ಟಿ-ನಟ್‌ಗಳು ತಿರುಗದೆ ಒಳಗೇ ಸಿಕ್ಕಿಕೊಳ್ಳುತ್ತವೆ. ಸ್ಕ್ರೂ ಸುತ್ತುತ್ತಲೇ ಇರುತ್ತದೆ, ಸಾಮಾನು ಬಿಗಿಯುವುದೂ ಇಲ್ಲ, ಬರುವುದೂ ಇಲ್ಲ. ಹಾಗಾದಾಗ ಸಾಮಾನನ್ನು ಹೊರಕ್ಕೆ ಎಳೆದು ಹಿಡಿದು ಸ್ಕ್ರೂ ತಿರುಗಿಸಿದರೆ ನಟ್ ಕಚ್ಚಿಕೊಳ್ಳುತ್ತದೆ. ಈ ಚಿಕ್ಕ ಉಪಾಯ ಗೊತ್ತಾಗುವ ಮುಂಚೆ ನಾನು ಒಂದು ಇಡೀ ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ಕೀಮಾಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೀಲಿಕೈ ರಂಧ್ರದಂಥ ತೂತುಗಳಿರುತ್ತವೆ. ವಿಎಲ್‌ಟಿಒಆರ್ ಕಂಪನಿ 2012ರಲ್ಲಿ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟ ವಿನ್ಯಾಸ. ಕೆಟ್ಟದ್ದೇನಲ್ಲ. ಆದರೆ 2017ರಲ್ಲಿ ಅಮೆರಿಕದ ನೌಕಾಪಡೆಯ ಕ್ರೇನ್ ಕೇಂದ್ರದ ಪರೀಕ್ಷೆಯಲ್ಲಿ ಎಂ-ಲಾಕ್ ಮೇಲುಗೈ ಪಡೆದ ಮೇಲೆ ಮಾರುಕಟ್ಟೆ ಆ ಕಡೆ ವಾಲಿತು. ಏರ್‌ಸಾಫ್ಟ್‌ನ ಏಟಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ, ಆದರೆ ಸಾಮಾನು ಸಿಗಬೇಕಲ್ಲ. ಸೆಕೆಂಡ್ ಹ್ಯಾಂಡ್ ಕೀಮಾಡ್ ತೀರಾ ಅಗ್ಗಕ್ಕೆ ಸಿಕ್ಕರೆ, ಜೊತೆಗೆ ರೈಲ್ ತುಂಡುಗಳನ್ನೂ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಊರಲ್ಲೇ ಮಾಡಿಸಿದರೆ?

ಬೆಂಗಳೂರಿನವರಿಗೆ ಇದೊಂದು ಆಸೆ ಇದ್ದೇ ಇರುತ್ತದೆ. ಕಾರ್ಖಾನೆಗಳೇ ತುಂಬಿರುವ ಪೀಣ್ಯ ಪಕ್ಕದಲ್ಲಿರುವಾಗ ಹೊರಗಿಂದ ಯಾಕೆ ತರಿಸಬೇಕು? ನಾನೂ ಹೋಗಿದ್ದೆ. ಡ್ರಾಯಿಂಗ್ ತೋರಿಸಿ, ಇದು ಏರ್‌ಸಾಫ್ಟ್ ಗನ್ನಿನ ಹೊರ ಕವಚ ಅಂತ ಬಿಲ್ ಸಮೇತ ಹೇಳಿದೆ. ಒಬ್ಬರು ಗನ್ ಅನ್ನುವ ಮಾತು ಕೇಳುತ್ತಲೇ ಕೈಮುಗಿದರು. ಅವರನ್ನು ತಪ್ಪು ಅನ್ನಲಾರೆ. ಇನ್ನೊಬ್ಬರು ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿ, ‘ಒಂದೇ ಪೀಸಾ ಸಾರ್? ಐವತ್ತು ಪೀಸ್ ತಗೊಂಡ್ಬನ್ನಿ, ನೋಡೋಣ’ ಅಂದರು. ನ್ಯಾಯವೇ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿನಲ್ಲಿ ಮೊದಲ ಪೀಸಿನ ಸೆಟಿಂಗೇ ದುಬಾರಿ. ಒಂದಕ್ಕೋಸ್ಕರ ಯಾರೂ ಮಷೀನ್ ನಿಲ್ಲಿಸುವುದಿಲ್ಲ.

ಆದರೆ ಅದೇ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವರೊಬ್ಬರು ಇನ್ನೊಂದು ಕೆಲಸ ಮಾಡಿಕೊಟ್ಟರು. ಹೊಸ ಹ್ಯಾಂಡ್‌ಗಾರ್ಡ್ ಮತ್ತು ನಟ್ ನಡುವೆ ಸ್ವಲ್ಪ ಸಡಿಲವಿತ್ತು. ಅಲ್ಯೂಮಿನಿಯಂನ ತೆಳ್ಳಗಿನ ಬಳೆಯೊಂದನ್ನು ಕಾಲು ಗಂಟೆಯಲ್ಲಿ ತಿರುಗಿಸಿಕೊಟ್ಟರು. ಆಮೇಲೆ ಲೊಡಲೊಡ ಸದ್ದು ಬಂದಿಲ್ಲ. ಪೂರ್ತಿ ಹ್ಯಾಂಡ್‌ಗಾರ್ಡ್ ಬೇಡ, ಬಳೆ, ಶಿಮ್, ಸ್ಪೇಸರ್ ಇಂಥವಕ್ಕೆ ಲೇತ್ ಅಂಗಡಿ ಚಿನ್ನದಂಥ ಜಾಗ.

ತ್ರೀಡಿ ಪ್ರಿಂಟ್ ನಿಜವಾದ ಆಯ್ಕೆ. ಊರಲ್ಲಿ ಪ್ರಿಂಟ್ ಮಾಡಿಕೊಡುವವರಿಗೆ ಕೊರತೆಯಿಲ್ಲ. ನನ್ನ ಗೆಳೆಯನಿಗೆ ಒಂದಕ್ಕೆ 1,400 ರೂಪಾಯಿ ಆಯಿತು. ಬ್ಯಾಟರಿಗೆ ಬೇಕಾದಷ್ಟು ಹೊಟ್ಟೆ ಬಿಡಿಸಿಕೊಂಡ, ಎಂ-ಲಾಕ್ ಸೀಳು ಬೇಕಾದಲ್ಲಿ ಹಾಕಿಸಿಕೊಂಡ. ಒಂದೇ ತಪ್ಪು ಮಾಡಿದ, ಪಿಎಲ್‌ಎ ಅನ್ನುವ ಪ್ಲಾಸ್ಟಿಕ್‌ನಲ್ಲಿ ಮಾಡಿಸಿದ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಹಿಂದಿನ ಗಾಜಿನ ಕೆಳಗೆ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಸಂಜೆ ನೋಡಿದರೆ ಹ್ಯಾಂಡ್‌ಗಾರ್ಡ್ ಬಾಳೆಕಾಯಿಯ ಹಾಗೆ ಬಾಗಿತ್ತು. ಪಿಇಟಿಜಿ 80ರ ಆಸುಪಾಸು ತಡೆಯುತ್ತದೆ, ಎಬಿಎಸ್ 100ರವರೆಗೆ. ಎರಡರಲ್ಲಿ ಒಂದನ್ನು ಕೇಳಿ.

ಇನ್ನೊಂದು, ಪ್ರಿಂಟ್ ಆಗುವುದು ಪದರ ಪದರವಾಗಿ. ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರಗಳು ಅಡ್ಡಕ್ಕೆ ಬರುತ್ತವೆ, ಬಿದ್ದಾಗ ಮೂಲಂಗಿಯ ಹಾಗೆ ಪಟ್ ಅಂತ ಮುರಿಯುತ್ತದೆ. ಎರಡು ಹೋಳು ಮಾಡಿ ಮಲಗಿಸಿ ಪ್ರಿಂಟ್ ಮಾಡಿಸಿ, ಗೋಡೆ 4 ಮಿ.ಮೀ. ಇರಲಿ, ಸ್ಕ್ರೂ ಹೋಗುವ ಕಡೆ ಹಿತ್ತಾಳೆಯ ಥ್ರೆಡ್ ತುಂಡು ಕೂರಿಸಿ. ಹೀಗೆ ಮಾಡಿದ ಅವನ ಎರಡನೆಯದು ಎರಡು ಮಳೆಗಾಲ ದಾಟಿದೆ.

ಉದ್ದ, ಲೋಹ, ಮತ್ತೆ ಕೆಲವು

7 ಇಂಚು ಹಳೇ ಕಾರ್ಬೈನ್ ಉದ್ದ. 9-10 ಇಂಚು ಬಹುತೇಕರಿಗೆ ಸಾಕು. 12-13 ಇಂಚು ಕೈ ಚಾಚಿ ಹಿಡಿಯುವವರಿಗೆ. 15 ಇಂಚು ನೋಡಲು ಚೆನ್ನ, ಒಳಾಂಗಣದ ಆಟದಲ್ಲಿ ಬಾಗಿಲು ಬಾಗಿಲಿಗೆ ತಾಗುತ್ತದೆ. ಕೊಳ್ಳುವ ಮುಂಚೆ ರಿಸೀವರ್‌ನ ಮುಖದಿಂದ ಹೊರಗಿನ ಬ್ಯಾರಲ್‌ನ ತುದಿಯವರೆಗೆ ಅಳೆಯಿರಿ. ಹ್ಯಾಂಡ್‌ಗಾರ್ಡ್ ಬ್ಯಾರಲ್‌ಗಿಂತ ಉದ್ದವಾದರೆ ತುದಿಯ 14 ಮಿ.ಮೀ. ಎಡ ಥ್ರೆಡ್‌ಗೆ ಏನು ಹಾಕಬೇಕೆಂದರೂ ಕೈ ಹೋಗುವುದಿಲ್ಲ. ಕತ್ತಲಲ್ಲಿ ಬಿಬಿ ಹೊಳೆಯುವಂತೆ ಮಾಡುವ ಟ್ರೇಸರನ್ನು ಒಳಗೆ ಅಡಗಿಸಬೇಕೆಂದರೆ ಒಳ ವ್ಯಾಸಕ್ಕೆ ವರ್ನಿಯರ್ ಇಡಿ. ಬಹಳಷ್ಟು ತೆಳ್ಳನೆಯ ಎಂ-ಲಾಕ್‌ಗಳಲ್ಲಿ ತೂರುವುದಿಲ್ಲ.

ಲೋಹ ಅಂದ ಮಾತ್ರಕ್ಕೆ ಅಲ್ಯೂಮಿನಿಯಂ ಅಲ್ಲ. ಅಗ್ಗದವು ಸತುವಿನ ಎರಕ. ಮ್ಯಾಗ್ನೆಟ್ ಹಿಡಿದು ಪ್ರಯೋಜನವಿಲ್ಲ, ಎರಡಕ್ಕೂ ಅಂಟುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ, ಸತು ಅಲ್ಯೂಮಿನಿಯಂನ ಎರಡು ಪಟ್ಟಿಗಿಂತ ಜಾಸ್ತಿ ಭಾರ. ಸತುವಿನಲ್ಲಿ ಸಣ್ಣ ಸ್ಕ್ರೂಗಳ ಥ್ರೆಡ್ ಎರಡನೇ ಸಲಕ್ಕೇ ಸವೆಯುತ್ತದೆ.

ಎಕೆ ಮಾದರಿಯ ಏರ್‌ಸಾಫ್ಟ್ ಇಟ್ಟುಕೊಂಡವರಿಗೆ ಇಷ್ಟೇ. ಕೆಳಗಿನ ಹೋಳು ಒಂದು ಸಣ್ಣ ಲಿವರ್‌ನಲ್ಲಿ, ಮೇಲಿನದು ಗ್ಯಾಸ್ ಟ್ಯೂಬ್ ಮೇಲೆ ಕೂರುತ್ತದೆ. ಬೇರೆ ಕಂಪನಿಯದು ಸಲೀಸಾಗಿ ಕೂತದ್ದನ್ನು ನಾನು ನೋಡಿಲ್ಲ. ಅರ, ಮರಳುಕಾಗದ, ತಾಳ್ಮೆ.

ಆರ್ಡರ್ ಹಾಕುವ ಮುಂಚೆ ಕಾನೂನಿನ ಕಡೆಗೂ ಒಮ್ಮೆ ನೋಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡದ ಏರ್‌ಗನ್‌ಗೆ ಎರಡು ಮಿತಿ: ನಳಿಕೆಯ ಒಳ ವ್ಯಾಸ 4.5 ಮಿ.ಮೀ., ಶಕ್ತಿ 20 ಜೂಲ್. ಏರ್‌ಸಾಫ್ಟ್‌ನ ಶಕ್ತಿ ತೀರಾ ಕಡಿಮೆ. 0.20 ಗ್ರಾಂ ಬಿಬಿ ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೋದರೆ ಬರೀ 1.1 ಜೂಲ್. ಆದರೆ ಬಿಬಿ 6 ಮಿ.ಮೀ., ನಳಿಕೆಯ ಮಿತಿ ದಾಟುತ್ತದೆ. ಹಾಗಾಗಿ ‘ಆಟಿಕೆ ತಾನೆ’ ಅಂತ ಹೊರದೇಶದಿಂದ ತರಿಸಲು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಬರೀ ಹ್ಯಾಂಡ್‌ಗಾರ್ಡ್ ಕೂಡ ಗನ್ನಿನ ಭಾಗವಾಗಿ ಕಾಣುತ್ತದೆ. ಇಲ್ಲೇ ಬಿಲ್ ಕೊಡುವವರ ಹತ್ತಿರ ಕೊಳ್ಳಿ, ಅನುಮಾನವಿದ್ದರೆ ವಕೀಲರನ್ನು ಕೇಳಿ. ತುದಿಯ ಕಿತ್ತಳೆ ಬಣ್ಣದ ತುಂಡನ್ನು ಹೊಸ ಹ್ಯಾಂಡ್‌ಗಾರ್ಡ್ ಮುಚ್ಚದಿರಲಿ. ಹೊಸದು ತೋರಿಸಬೇಕು ಅನ್ನುವ ಹುಮ್ಮಸ್ಸಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಮೆಟ್ರೋ ಹತ್ತುವುದಂತೂ ಬೇಡವೇ ಬೇಡ.

ಕೂರಿಸುವಾಗ

ನಟ್ ಬಿಗಿದ ಮೇಲೆ ಹ್ಯಾಂಡ್‌ಗಾರ್ಡ್ ತೂರಿಸಿ, ಸ್ಕ್ರೂಗಳನ್ನು ಸಡಿಲವಾಗಿಯೇ ಇಟ್ಟು ಮೇಲಿನ ರೈಲ್ ನೋಡಿ. ರಿಸೀವರ್‌ನ ರೈಲೂ ಹ್ಯಾಂಡ್‌ಗಾರ್ಡ್‌ನ ರೈಲೂ ಒಂದೇ ಗೆರೆಯಲ್ಲಿ ಇರಬೇಕು. ಒಂದು ಸ್ಟೀಲ್ ಸ್ಕೇಲನ್ನು ಎರಡರ ಮೇಲೂ ಇಟ್ಟರೆ ಓರೆ ತಕ್ಷಣ ಕಾಣುತ್ತದೆ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಲೆನ್ ಕೀಯ ಉದ್ದ ಕಡ್ಡಿ ಹಿಡಿದು ತಿರುಗಿಸಬೇಡಿ, ಗಿಡ್ಡ ಕಡ್ಡಿ ಹಿಡಿದರೆ ಸಾಕು, ಬಲ ಮೀರುವುದಿಲ್ಲ. ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಬೇಡ, ಮುಂದೆ ಬಿಚ್ಚುವ ದಿನ ಅಳಬೇಕಾಗುತ್ತದೆ.

ನನ್ನ ಗನ್ನಿನ ಮೇಲೆ ಈಗ ಇರುವುದು 9 ಇಂಚಿನ ಎಂ-ಲಾಕ್, ಬ್ಯಾಟರಿ ಹಿಂದೆ. ಅಟ್ಟದ ಮೇಲಿನ 12 ಇಂಚಿನದನ್ನು ಯಶವಂತಪುರದ ಗೆಳೆಯನೊಬ್ಬ ಕೇಳಿದ್ದಾನೆ. ಅವನ ಬ್ಯಾಟರಿ ಸ್ಟಾಕ್‌ನಲ್ಲೇ ಇದೆಯಂತೆ. ರಿಸೀವರ್‌ನ ಥ್ರೆಡ್ ಯಾವುದು ಅಂತ ಕೇಳಿದೆ, ‘ಎಂ4 ಕಣೋ, ಎಲ್ಲಾ ಒಂದೇ’ ಅಂದ. ಭಾನುವಾರ ಗನ್ ಸಮೇತ ಕಾರಿನಲ್ಲಿ ಬಾ, ವರ್ನಿಯರ್ ನಾನು ಇಟ್ಟಿರ್ತೀನಿ ಅಂದಿದ್ದೇನೆ.